ಬಿಡಿಸಿ ಬರೆಯಿರಿ

ಚುಕ್ಕಿಗಿಂತ ಚಿಕ್ಕ ಗುರುತು ಬರವಣಿಗೆಯಲ್ಲಿ ಇನ್ನೊಂದಿಲ್ಲ. ಹಾಗಿದ್ದೂ ನನ್ನ ಕೆಲಸದಲ್ಲಿ ಅದು ಕೊಡುವಷ್ಟು ಕಿರಿಕಿರಿಯನ್ನು ಆಳೆತ್ತರದ ಸರ್ವರ್ ರ‍್ಯಾಕುಗಳೂ ಕೊಡುವುದಿಲ್ಲ. 10.20.30.40 ಎಂಬ ಐಪಿ ವಿಳಾಸವನ್ನು ಪಪೆಟ್ ಎಂಬ ಸಾಫ್ಟ್‌ವೇರಿನ ಮುಂದಿಟ್ಟು, ಚುಕ್ಕಿ ಬಂದಲ್ಲೆಲ್ಲ ಒಡೆದು ಕೊಡು ಎಂದು ಕೇಳಿ ನೋಡಿ. ನಾಲ್ಕು ಸಂಖ್ಯೆಗಳು ಬರಬೇಕು. ಒಂದೂ ಬರುವುದಿಲ್ಲ. ತಪ್ಪಾಯಿತೆಂದು ಅದು ಹೇಳುವುದೂ ಇಲ್ಲ. ಒಂದು ಖಾಲಿ ಪಟ್ಟಿಯನ್ನು ಮುಂದಿಟ್ಟು ಸುಮ್ಮನಾಗುತ್ತದೆ. ಆ ಖಾಲಿ ಪಟ್ಟಿಯನ್ನು ಕಂಡು ತಬ್ಬಿಬ್ಬಾಗದೆ ಈ ಕಸುಬಿನಲ್ಲಿ ಬೆಳೆದವರು ನನಗೆ ಇನ್ನೂ ಸಿಕ್ಕಿಲ್ಲ.

ಕಸುಬು ಯಾವುದೆಂದು ಹೇಳಬೇಕಲ್ಲ. ನೂರಾರು ಕಂಪ್ಯೂಟರುಗಳಿರುವ ಕಡೆ ಯಾವುದರಲ್ಲಿ ಯಾವ ಸಾಫ್ಟ್‌ವೇರ್ ಇರಬೇಕು, ಯಾವ ಫೈಲಿನಲ್ಲಿ ಏನು ಬರೆದಿರಬೇಕು, ಯಾವ ಸರ್ವಿಸ್ ಸದಾ ಓಡುತ್ತಿರಬೇಕು ಎಂಬುದನ್ನೆಲ್ಲ ಒಂದು ಕಡೆ ಬರೆದಿಟ್ಟು, ಎಲ್ಲ ಯಂತ್ರಗಳೂ ಆ ಬರಹದಂತೆ ಇರುವ ಹಾಗೆ ನೋಡಿಕೊಳ್ಳುವುದು. ಕಾನ್ಫಿಗರೇಷನ್ ಮ್ಯಾನೇಜ್‌ಮೆಂಟ್ ಎಂದು ಅದರ ಹೆಸರು. 2005ರಲ್ಲಿ ಲೂಕ್ ಕನೀಸ್ ಅವರು ರೂಬಿಯಲ್ಲಿ ಕಟ್ಟಿದ ಪಪೆಟ್ ಇದಕ್ಕೆಂದೇ ಹುಟ್ಟಿದ್ದು. ಅದರ ಭಾಷೆಯಲ್ಲಿ ಮೊದಲು ಇದನ್ನು ಮಾಡು, ಆಮೇಲೆ ಅದನ್ನು ಮಾಡು ಎಂದು ಬರೆಯುವುದಿಲ್ಲ. ಈ ಫೈಲ್ ಇರುತ್ತದೆ, ಈ ಪ್ಯಾಕೇಜ್ ಇರುತ್ತದೆ, ಈ ಸರ್ವಿಸ್ ಓಡುತ್ತಿರುತ್ತದೆ ಎಂದು ಬರೆಯುತ್ತೇವೆ. ಪ್ರತಿ ಯಂತ್ರದಲ್ಲಿ ಕೂತ ಏಜೆಂಟ್, ನಾವು ಬೇರೆ ಹೇಳದಿದ್ದರೆ, ಅರ್ಧ ಗಂಟೆಗೊಮ್ಮೆ ತನ್ನ ಪಾಲಿನ ಬರಹವನ್ನು ತರಿಸಿಕೊಂಡು, ಇರುವುದಕ್ಕೂ ಇರಬೇಕಾದದ್ದಕ್ಕೂ ವ್ಯತ್ಯಾಸ ಕಂಡರೆ ಸರಿಪಡಿಸುತ್ತದೆ. ಆತುರವಿಲ್ಲದ, ಹೇಳಿದ್ದನ್ನೇ ಎಷ್ಟು ಸಲ ಹೇಳಿದರೂ ಬೇಸರಿಸದ ಈ ಧಾಟಿಯಿಂದಲೇ ನನಗೆ ಆ ಭಾಷೆ ಹತ್ತಿರವಾಯಿತು.

ಅಂಥ ಭಾಷೆಯಲ್ಲಿ, ಗುರುತು ಕಂಡಲ್ಲಿ ಒಡೆದು ಕೊಡುವ ಸ್ಪ್ಲಿಟ್ ಎಂಬ ಪುಟ್ಟ ಫಂಕ್ಷನ್‌ಗೆ ಏನು ಕೆಲಸ ಎನಿಸಬಹುದು. ಕೆಲಸವಿದೆ, ಏಕೆಂದರೆ ಹೊರಗಿನಿಂದ ಬರುವ ಸಂಗತಿಗಳು ಬಿಡಿಬಿಡಿಯಾಗಿ ಬರುವುದಿಲ್ಲ. ಯಂತ್ರದ ಹೆಸರಿನಲ್ಲಿ ಊರೂ ಇರುತ್ತದೆ, ಅದರ ಕೆಲಸವೂ ಇರುತ್ತದೆ, ಕ್ರಮಸಂಖ್ಯೆಯೂ ಇರುತ್ತದೆ. ಸಾಫ್ಟ್‌ವೇರಿನ ಆವೃತ್ತಿ ಸಂಖ್ಯೆಯಲ್ಲಿ ಮೂರು ನಾಲ್ಕು ಸಂಖ್ಯೆಗಳು ಚುಕ್ಕಿ ಹಿಡಿದು ನಿಂತಿರುತ್ತವೆ. ಯಾರೋ ಎಲ್ಲೋ ಕೂಡಿಸಿ ಕಳಿಸಿದ್ದನ್ನು ನಾವು ಇಲ್ಲಿ ಬಿಡಿಸಿಕೊಳ್ಳಬೇಕು. ಒಂದೇ ಸಾಲಿನಲ್ಲಿ ಅದು ಸರಿಯಾಗಿ ಬಿಡಿಸಿಕೊಂಡಾಗ ಆಗುವ ಸಂತೋಷ ದೊಡ್ಡದು. ಇಡಿಯಾಗಿ ಕಂಡದ್ದರ ಒಳಗೆ ಯಾವ ಯಾವ ಮಾತು ಇತ್ತೆಂಬುದು ಒಮ್ಮೆಲೇ ಕಣ್ಣಿಗೆ ಬೀಳುತ್ತದೆ.

ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಶಿರಾ ಕಡೆಯ ಹುಡುಗಿಯೊಬ್ಬಳು ಒಂದು ಸಂಜೆ ಬಂದು, “ಸರ್, ಸ್ವಲ್ಪ ನೋಡ್ತೀರಾ? ಏನೂ ಬರ್ತಿಲ್ಲ. ಎರರ್ ಕೂಡ ಇಲ್ಲ” ಅಂದಳು. ಅವಳ ಪರದೆಯ ಮೇಲೆ ಅದೇ ಖಾಲಿ ಪಟ್ಟಿ. ಕುರ್ಚಿ ಎಳೆದುಕೊಂಡು ಕೂತೆ. ಇಂಥ ಗಳಿಗೆಗಳನ್ನು ನಾನು ಅವಸರದಲ್ಲಿ ಮುಗಿಸುವುದಿಲ್ಲ. ಆ ಖಾಲಿ ಪಟ್ಟಿ ಹೇಗೆ ಖಾಲಿಯಾಯಿತು ಎಂಬುದನ್ನು ಹಂತಹಂತವಾಗಿ ನೋಡುವುದರಲ್ಲಿ ಒಂದು ಚೆಂದವಿದೆ.

ಎಲ್ಲಿ ಒಡೆಯಬೇಕೆಂದು ನಾವು ಕೊಡುವ ಗುರುತನ್ನು ಪಪೆಟ್‌ನ ಸ್ಪ್ಲಿಟ್ ಬರೀ ಅಕ್ಷರವೆಂದು ಓದುವುದಿಲ್ಲ, ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂದು ಓದುತ್ತದೆ. ಆ ಲಿಪಿಯಲ್ಲಿ ಚುಕ್ಕಿಗೆ ಅರ್ಥ ‘ಯಾವುದಾದರೂ ಒಂದು ಅಕ್ಷರ’. ಹೀಗಾಗಿ ಒಂದೂ ಒಡೆಯುವ ಜಾಗ, ಸೊನ್ನೆಯೂ ಒಡೆಯುವ ಜಾಗ, ಚುಕ್ಕಿಯೂ ಒಡೆಯುವ ಜಾಗ. ಪ್ರತಿ ಅಕ್ಷರವೂ ಗಡಿಯಾಗಿಬಿಟ್ಟರೆ ಗಡಿಗಳ ನಡುವೆ ಉಳಿಯುವುದು ಶೂನ್ಯ. ಸಾಲುಸಾಲು ಖಾಲಿ ತುಂಡುಗಳು. ಆ ಖಾಲಿ ತುಂಡುಗಳಾದರೂ ಪಟ್ಟಿಯಲ್ಲಿ ಕಾಣಬೇಕಿತ್ತಲ್ಲ? ಪಪೆಟ್‌ನ ಕೆಳಗಿರುವ ರೂಬಿಗೆ ಒಂದು ರೂಢಿಯಿದೆ. ಒಡೆದ ಮೇಲೆ ಕೊನೆಯಲ್ಲಿ ಉಳಿಯುವ ಖಾಲಿ ತುಂಡುಗಳನ್ನು ಅದು ಕೈಬಿಡುತ್ತದೆ. ಇಲ್ಲಿ ಎಲ್ಲವೂ ಖಾಲಿ, ಆದ್ದರಿಂದ ಎಲ್ಲವೂ ಕೊನೆಯವೇ. ಒಂದೊಂದಾಗಿ ಎಲ್ಲ ಹೋದವು.

ಪರಿಹಾರ ಸುಲಭ. ಚುಕ್ಕಿಯ ಹಿಂದೆ ಒಂದು ಹಿಮ್ಮುಖ ಓರೆಗೆರೆ ಹಾಕಬಹುದು, ಇಲ್ಲವೇ ಚುಕ್ಕಿಯನ್ನು ಚೌಕಾವರಣದಲ್ಲಿ ಕೂರಿಸಿ ‘[.]’ ಎಂದು ಬರೆಯಬಹುದು. ನನಗೆ ಎರಡನೆಯದೇ ಇಷ್ಟ. ಇಲ್ಲಿ ಚುಕ್ಕಿ ಚುಕ್ಕಿಯಷ್ಟೇ, ಅದಕ್ಕೆ ಬೇರೆ ಅಧಿಕಾರವಿಲ್ಲ ಎಂದು ಓದುವವರಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ. ಅವಳು ಬದಲಾಯಿಸಿದಳು. ನಾಲ್ಕು ಸಂಖ್ಯೆ ಬಂದವು. ಮುಖ ಅರಳಿತು. ಹೊರಡಲು ಎದ್ದವಳನ್ನು ತಡೆದು, “ಈಗ ಅದನ್ನೇ ಕೂಡಿಸಿ ನೋಡಮ್ಮ, ಮೊದಲು ಇದ್ದದ್ದೇ ಬರುತ್ತಾ?” ಎಂದೆ. ಹಾಗೆ ಹೇಳುವಾಗ ನನ್ನ ಬಾಯಲ್ಲಿ ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು ಮಾತಾಡಿದಂತಾಯಿತು.

ಮೇಷ್ಟ್ರಿಗೆ ಸಂಧಿ ಪಾಠವೆಂದರೆ ಹಬ್ಬ. ಪರೀಕ್ಷೆಯಲ್ಲಿ ‘ಬಿಡಿಸಿ ಬರೆದು ಸಂಧಿಯ ಹೆಸರು ತಿಳಿಸಿ’ ಎಂಬ ಪ್ರಶ್ನೆಗೆ ಸಿಗುತ್ತಿದ್ದ ಅಂಕ ಚೂರುಪಾರು. ಅವರು ಅದಕ್ಕೆ ಕೊಡುತ್ತಿದ್ದ ಸಮಯಕ್ಕೂ ಆ ಅಂಕಕ್ಕೂ ಸಂಬಂಧವೇ ಇರಲಿಲ್ಲ. ಹಲಗೆಯ ಮೇಲೆ ಊರೂರು ಎಂದು ಬರೆಯುವರು. ಊರು ಕೂಡ ಊರು, ನಡುವಿನ ಉಕಾರ ಹೋಯಿತು, ಲೋಪ. ಮನೆಯನ್ನು ಎಂದು ಬರೆಯುವರು. ಮನೆ ಕೂಡ ಅನ್ನು, ಇಲ್ಲದ ಯಕಾರ ಬಂದು ಕೂತಿತು, ಆಗಮ. ಮಳೆಗಾಲ ಎಂದು ಬರೆಯುವರು. ಮಳೆ ಕೂಡ ಕಾಲ, ಕಕಾರದ ಜಾಗಕ್ಕೆ ಗಕಾರ ಬಂತು, ಆದೇಶ. ಸೇರುವ ಜಾಗದಲ್ಲಿ ಒಂದು ಹೋಗುತ್ತದೆ, ಒಂದು ಬರುತ್ತದೆ, ಒಂದು ಬದಲಾಗುತ್ತದೆ ಎಂಬುದನ್ನು ಅವರು ಸೀಮೆಸುಣ್ಣದ ಕೈಯನ್ನು ಗಾಳಿಯಲ್ಲಿ ಆಡಿಸುತ್ತ ಹೇಳುತ್ತಿದ್ದರೆ ನಾವು ಗಂಟೆ ಹೊಡೆದದ್ದನ್ನೂ ಮರೆಯುತ್ತಿದ್ದೆವು. ಬಿಡಿಸಿದ ಪ್ರತಿಯೊಬ್ಬನಿಗೂ ಅವರ ಒಂದೇ ಆಜ್ಞೆ: “ಬಿಡಿಸಿದ್ದಾಯ್ತಾ? ಈಗ ಕೂಡಿಸಿ ತೋರ್ಸು.”

ಒಂದು ದಿನ ಬೇರೊಬ್ಬ ಎಂಬುದನ್ನು ಬಿಡಿಸಲು ಹಿಂದಿನ ಬೆಂಚಿನ ಹುಡುಗನನ್ನು ಕರೆದರು. ಅವನು ಹಲಗೆಯ ಹತ್ತಿರ ಹೋಗಿ ‘ಬೇರು + ಒಬ್ಬ’ ಎಂದು ಬರೆದ. ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ. “ಸುಮ್ಮನಿರ್ರೋ. ಕೂಡಿಸಿ ನೋಡಿ. ಬೇರು, ಒಬ್ಬ. ಉಕಾರ ಲೋಪ ಆದ್ರೆ ಬೇರೊಬ್ಬ ಆಗುತ್ತೋ ಇಲ್ವೋ?” ಆಗುತ್ತದೆ. ನಗು ನಿಂತಿತು. “ಕೂಡಿಸಿ ನೋಡೋ ಪರೀಕ್ಷೇಲಿ ಇವನು ಪಾಸು. ಇನ್ನೊಂದು ಪರೀಕ್ಷೆ ಇದೆ. ಬೇರು ಒಬ್ಬ ಅಂದ್ರೆ ಏನಪ್ಪಾ ಅರ್ಥ?” ಹುಡುಗ ಸ್ವಲ್ಪ ಹೊತ್ತು ಹಲಗೆಯನ್ನೇ ನೋಡಿ, ಉಕಾರ ಅಳಿಸಿ ಎಕಾರ ಬರೆದ. ಬೇರೆ, ಒಬ್ಬ. ಮೇಷ್ಟ್ರು ಅವನ ಬೆನ್ನು ತಟ್ಟಿ ಕಳಿಸಿದರು. ಕೂಡಿಸಿ ನೋಡುವುದು ಮೊದಲನೆಯದು, ಅರ್ಥ ಕೇಳುವುದು ಎರಡನೆಯದು. ಆ ಎರಡು ಪರೀಕ್ಷೆಗಳು ನನ್ನ ಜೊತೆಗೇ ಬೆಂಗಳೂರಿಗೆ ಬಂದವು.

ಪಪೆಟ್‌ನಲ್ಲಿ ಬಿಡಿಸಲು ಸ್ಪ್ಲಿಟ್ ಇರುವಂತೆ ಕೂಡಿಸಲು ಜಾಯಿನ್ ಇದೆ. ಮೊದಲ ಪರೀಕ್ಷೆಯನ್ನು ಅದರಿಂದ ನಡೆಸಬಹುದು. ನಡೆಸಿದರೆ ಕಣ್ಣಿಗೆ ಕಾಣದಿದ್ದ ನಷ್ಟಗಳು ಕಾಣತೊಡಗುತ್ತವೆ. ಯುನಿಕ್ಸ್ ಯಂತ್ರಗಳ ಪಾಸ್‌ವರ್ಡ್ ಫೈಲನ್ನೇ ನೋಡಿ. ಒಬ್ಬ ಬಳಕೆದಾರನಿಗೆ ಒಂದು ಸಾಲು. ಒಂದು ಸಾಲಿನಲ್ಲಿ ಏಳು ಅಂಕಣ, ನಡುವೆ ವಿವರಣ ಚಿಹ್ನೆ, ಎರಡು ಚುಕ್ಕಿಯ ಕೋಲನ್. ಲಾಗಿನ್ ಹೆಸರು, ಪಾಸ್‌ವರ್ಡಿನ ಜಾಗ, ಬಳಕೆದಾರನ ಸಂಖ್ಯೆ, ಗುಂಪಿನ ಸಂಖ್ಯೆ, ವಿವರ, ಹೋಮ್ ಡೈರೆಕ್ಟರಿ, ಕೊನೆಯಲ್ಲಿ ಶೆಲ್. ಕೊನೆಯ ಅಂಕಣವನ್ನು ಖಾಲಿ ಬಿಡುವುದಕ್ಕೂ ಅಲ್ಲಿ ಅರ್ಥವಿದೆ. ಶೆಲ್ ಖಾಲಿಯಿದ್ದರೆ ವ್ಯವಸ್ಥೆಯ ಮಾಮೂಲಿ ಶೆಲ್ ಕೊಡಬೇಕೆಂದು ತಾತ್ಪರ್ಯ. ಅಂಥ ಸಾಲನ್ನು ಪಪೆಟ್ ಬಿಡಿಸಿದರೆ ಕೊನೆಯ ಖಾಲಿ ತುಂಡು ಬಿದ್ದುಹೋಗಿ ಆರೇ ಅಂಕಣ ಬರುತ್ತವೆ. ಮತ್ತೆ ಕೂಡಿಸಿದರೆ ಕೊನೆಯ ಕೋಲನ್ ಇಲ್ಲ. ಏನನ್ನೂ ಬರೆಯದೆ ಹೇಳಿದ ಮಾತೊಂದು ಕಳೆದುಹೋಯಿತು. ರೂಬಿಯಲ್ಲಿ ನೇರವಾಗಿ ಬರೆಯುವವರಿಗೆ ಆ ಕೊನೆಯ ಖಾಲಿಯನ್ನು ಉಳಿಸಿಕೊಳ್ಳುವ ದಾರಿಯಿದೆ. ಪಪೆಟ್‌ನ ಸ್ಪ್ಲಿಟ್‌ನಲ್ಲಿ ಆ ದಾರಿಯಿಲ್ಲ.

ಒಂದೇ ಕೆಲಸವನ್ನು ಬೇರೆ ಬೇರೆ ಮನೆತನಗಳು ಹೇಗೆ ಮಾಡುತ್ತವೆಂದು ನೋಡುವುದು ನನಗೆ ಪ್ರಿಯವಾದ ಹವ್ಯಾಸ. 2012ರಲ್ಲಿ ಮೈಕೆಲ್ ಡಿಹಾನ್ ಅವರು ಹೊರತಂದ ಆನ್ಸಿಬಲ್ ಪೈಥಾನ್ ಮನೆತನದ್ದು. ಅದಕ್ಕೆ ಸ್ಪ್ಲಿಟ್ ಎಂಬ ಸ್ವಂತ ಫಿಲ್ಟರ್ ಬಂದದ್ದು 2021ರಲ್ಲಿ. ಅಲ್ಲಿಯವರೆಗೂ ಎಲ್ಲರೂ ಪೈಥಾನ್‌ನ ಸ್ಪ್ಲಿಟ್ಟನ್ನೇ ಕರೆದು ಕೆಲಸ ನಡೆಸುತ್ತಿದ್ದರು. ಪೈಥಾನ್‌ಗೆ ಗುರುತು ಕೊಟ್ಟು ಒಡೆಯಲು ಹೇಳಿದರೆ ಅದು ಖಾಲಿ ತುಂಡುಗಳನ್ನು ಬಿಡುವುದಿಲ್ಲ, ಕೊನೆಯವನ್ನೂ ಬಿಡುವುದಿಲ್ಲ. ಪಾಸ್‌ವರ್ಡ್ ಫೈಲಿನ ಸಾಲು ಅಲ್ಲಿ ಏಳಾಗಿಯೇ ಬರುತ್ತದೆ. ಇವೆರಡಕ್ಕಿಂತ ಹಿರಿಯದು ಸಿಎಫ್‌ಎಂಜಿನ್. 1993ರಲ್ಲಿ ಓಸ್ಲೊ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಸಂಶೋಧಕರಾಗಿದ್ದ ಮಾರ್ಕ್ ಬರ್ಜೆಸ್ ಅವರು ಕಟ್ಟಿದ್ದು. ಅದರಲ್ಲಿ ಸ್ಪ್ಲಿಟ್‌ಸ್ಟ್ರಿಂಗ್ ಎಂಬ ಹಳೆಯ ಫಂಕ್ಷನ್ ಇತ್ತು. ಹೆಚ್ಚೆಂದರೆ ಎಷ್ಟು ತುಂಡು ಬೇಕೆಂದು ಅದಕ್ಕೆ ಮೊದಲೇ ಹೇಳಬೇಕು. ಮೂರು ಎಂದರೆ ಮೂರು ತುಂಡು ಕೊಟ್ಟು ಉಳಿದದ್ದನ್ನು ಎಸೆದುಬಿಡುತ್ತಿತ್ತು. ಆಮೇಲೆ ಬಂದ ಸ್ಟ್ರಿಂಗ್‌ಸ್ಪ್ಲಿಟ್ ಉಳಿದದ್ದನ್ನೆಲ್ಲ ಕೊನೆಯ ತುಂಡಿನಲ್ಲಿ ಹಾಗೆಯೇ ಇರಿಸಿಕೊಳ್ಳುತ್ತದೆ. ಹೆಸರಿನ ಎರಡು ಭಾಗಗಳು ಹಿಂದುಮುಂದಾದವಷ್ಟೆ, ಉಳಿದದ್ದರ ಬಗ್ಗೆ ತೋರುವ ಕಾಳಜಿ ಮಾತ್ರ ಪೂರ್ತಿ ಬದಲಾಯಿತು. ಈ ಬದಲಾವಣೆ ಮಾಡಿದವರನ್ನು ನೆನೆದು ನನಗೆ ಗೌರವ ಮೂಡುತ್ತದೆ. ಉಳಿದದ್ದು ಯಾರಿಗೋ ಬೇಕಾಗಿರಬಹುದು ಎಂದು ಅವರು ಯೋಚಿಸಿದರು.

ಅದೇ ಬರ್ಜೆಸ್ 2004ರ ಸುಮಾರಿಗೆ ವಾಗ್ದಾನ ಸಿದ್ಧಾಂತವೆಂಬುದನ್ನು ಮುಂದಿಟ್ಟರು. ಒಬ್ಬರು ಇನ್ನೊಬ್ಬರ ನಡತೆಯ ಬಗ್ಗೆ ಮಾತು ಕೊಡಲಾರರು, ತಮ್ಮ ನಡತೆಯ ಬಗ್ಗೆ ಮಾತ್ರ ಕೊಡಬಲ್ಲರು, ದೊಡ್ಡ ವ್ಯವಸ್ಥೆಗಳು ನಿಲ್ಲುವುದು ಇಂಥ ಮಾತುಗಳ ಮೇಲೆ ಎಂಬುದು ಅದರ ತಿರುಳು. ಅದನ್ನು ಓದಿದ ಮೇಲೆ ನನಗೆ ಅಲ್ಪವಿರಾಮದ ಮೇಲಿನ ದೃಷ್ಟಿಯೇ ಬದಲಾಯಿತು. ಅಲ್ಪವಿರಾಮ ಹಾಕಿ ಒಂದು ಪಟ್ಟಿಯನ್ನು ಕೂಡಿಸಿ ಕಳಿಸುವವನು ಒಂದು ಮಾತು ಕೊಡುತ್ತಿದ್ದಾನೆ: ಈ ಗುರುತನ್ನು ನಾನು ಗಡಿಗೆಂದೇ ಇಟ್ಟುಕೊಂಡಿದ್ದೇನೆ, ತುಂಡುಗಳ ಒಳಗೆ ಇದನ್ನು ಎಲ್ಲೂ ಬಳಸಿಲ್ಲ. ಒಡೆಯುವವನು ಆ ಮಾತನ್ನು ನಂಬಿ ಒಡೆಯುತ್ತಾನೆ. ಮಾತು ಉಳಿದಷ್ಟು ದಿನ ಎಲ್ಲ ಸರಿ.

ಮಾತು ಕೊಡುವಾಗಲೇ ಅದು ತಪ್ಪಿಹೋಗಬಹುದಾದ ಕಡೆಯೂ ಇದೆ. ಪಪೆಟ್‌ನ ಜೊತೆಗಾರ ಫ್ಯಾಕ್ಟರ್. ಪ್ರತಿ ಯಂತ್ರದ ಸಂಗತಿಗಳನ್ನು ಕಲೆಹಾಕಿ ಕೊಡುವುದು ಅದರ ಕೆಲಸ. ಬಹುಕಾಲ ಅದು ಎಲ್ಲ ಸಂಗತಿಯನ್ನೂ ಬರೀ ಸ್ಟ್ರಿಂಗ್ ಆಗಿಯೇ, ಅಂದರೆ ಅಕ್ಷರಗಳ ಸಾಲಾಗಿಯೇ, ಕೊಡುತ್ತಿತ್ತು. ಯಂತ್ರದಲ್ಲಿರುವ ನೆಟ್‌ವರ್ಕ್ ಇಂಟರ್‌ಫೇಸುಗಳ ಹೆಸರುಗಳೆಲ್ಲ ಅಲ್ಪವಿರಾಮ ಹಾಕಿ ಪೋಣಿಸಿದ ಒಂದೇ ಸಾಲು. ಇಂಟರ್‌ಫೇಸಿನ ಹೆಸರಿನಲ್ಲಿ ಚುಕ್ಕಿಯೋ ಕೋಲನ್ನೋ ಇದ್ದರೆ ಅದನ್ನು ಅಳಿಸಿ ಅಡಿಗೆರೆ ಹಾಕುತ್ತಿತ್ತು. ಆದೇಶ ಸಂಧಿಯೇ ಸರಿ. ಆದರೆ ಮಳೆಗಾಲದ ಗಕಾರವನ್ನು ಕಂಡರೆ ಹಿಂದೆ ಕಕಾರವಿತ್ತೆಂದು ಹೇಳಬಲ್ಲೆವು. ಇಲ್ಲಿ ಅಡಿಗೆರೆಯ ಹಿಂದೆ ಇದ್ದದ್ದು ಚುಕ್ಕಿಯೋ ಕೋಲನ್ನೋ ಎಂದು ಹೇಳಲು ಯಾವ ವ್ಯಾಕರಣವೂ ನೆರವಾಗದು. ಆ ಕಾಲದ ಪಪೆಟ್‌ನಲ್ಲಿ ಒಡೆದ ಪಟ್ಟಿಯನ್ನು ಮೊದಲು ಒಂದು ಹೆಸರಿಗೆ ಕಟ್ಟಿಕೊಂಡು, ಆಮೇಲೆ ಅದರಲ್ಲಿ ಎಷ್ಟನೆಯದು ಬೇಕೆಂದು ಕೇಳಬೇಕಿತ್ತು. ಒಮ್ಮೆ ಕಟ್ಟಿದ ಹೆಸರಿಗೆ ಅದೇ ವ್ಯಾಪ್ತಿಯಲ್ಲಿ ಮತ್ತೊಂದನ್ನು ಕಟ್ಟುವಂತಿಲ್ಲ. ಆದ್ದರಿಂದ ಪ್ರತಿ ಸಣ್ಣ ತುಂಡಿಗೂ ಒಂದೊಂದು ಹೊಸ ಹೆಸರು ಹುಡುಕುತ್ತಿದ್ದೆವು. 2015ರಲ್ಲಿ ನಾಲ್ಕನೆಯ ಪಪೆಟ್ ಬಂದಾಗ ಒಡೆದ ಕೂಡಲೆ ಬೇಕಾದ ತುಂಡನ್ನು ಎತ್ತಿಕೊಳ್ಳುವ ಅನುಕೂಲ ಬಂತು. ಪಟ್ಟಿಯ ಪ್ರತಿಯೊಂದರ ಮೇಲೂ ಕೈಯಾಡಿಸುವ ಈಚ್, ಮ್ಯಾಪ್ ಬಂದವು. ಒಂದೇ ಸಾಲಿನಲ್ಲಿ ಮೂರು ತುಂಡಿಗೆ ಮೂರು ಹೆಸರು ಕೊಡುವ ದಾರಿ ಬಂತು.

ಎರಡನೆಯ ಪರೀಕ್ಷೆಗೆ ಬರುತ್ತೇನೆ. ಪಾಸ್‌ವರ್ಡ್ ಫೈಲಿನ ಐದನೆಯ ಅಂಕಣ, ವಿವರದ ಅಂಕಣ, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಅದನ್ನು ಗೆಕೋಸ್ ಎಂದು ಕರೆಯುತ್ತಾರೆ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಹಳೆಯ ಆಪರೇಟಿಂಗ್ ಸಿಸ್ಟಂ ಒಂದರ ಹೆಸರು ಅದು. ಬೆಲ್ ಲ್ಯಾಬ್ಸ್‌ನ ಮೊದಲ ಯುನಿಕ್ಸ್ ಯಂತ್ರಗಳು ಮುದ್ರಣದಂಥ ಕೆಲಸವನ್ನು ಅಂಥ ಯಂತ್ರಗಳಿಗೆ ಕಳಿಸುತ್ತಿದ್ದವು, ಅದಕ್ಕೆ ಬೇಕಾದ ಗುರುತನ್ನು ಈ ಅಂಕಣದಲ್ಲಿ ಇಡುತ್ತಿದ್ದರು. ಆ ಯಂತ್ರಗಳು ಹೋದವು, ಅಂಕಣದ ಹೆಸರು ಉಳಿಯಿತು, ಅದರೊಳಗೆ ಮನುಷ್ಯರ ಪೂರ್ಣ ಹೆಸರು ಬಂದು ಕೂತಿತು. ಯಂತ್ರಗಳ ಅಂಕಿಸಂಖ್ಯೆಗಳ ನಡುವೆ ಮನುಷ್ಯನ ಹೆಸರು ಇರುವ ಒಂದೇ ಜಾಗ.

ಹೆಸರು ಬಂದಲ್ಲಿ ಒಡೆಯುವವರೂ ಬಂದರು. ಕಂಪನಿಗಳಲ್ಲಿ ಎಲ್ಲರ ಖಾತೆಗಳನ್ನು ಇಡುವ ಎಲ್‌ಡ್ಯಾಪ್ ಎಂಬ ಡೈರೆಕ್ಟರಿಯಲ್ಲಿ ‘ವ್ಯಕ್ತಿ’ ಎಂಬ ನಮೂನೆಗೆ ಕುಲನಾಮದ ಅಂಕಣ ಕಡ್ಡಾಯ. ಅದನ್ನು ತುಂಬಲು ಪೂರ್ಣ ಹೆಸರನ್ನು ತೆರಪು ಬಂದಲ್ಲಿ ಒಡೆದು, ಕೊನೆಯ ತುಂಡೇ ಕುಲನಾಮವೆಂದು ಬರೆದುಕೊಳ್ಳುವ ಸಾಲುಗಳನ್ನು ನಾನು ಅನೇಕ ಕಡೆ ಓದಿದ್ದೇನೆ. ಈಗ ನಮ್ಮ ಇಬ್ಬರು ಕವಿಗಳನ್ನು ಆ ಸಾಲಿನ ಮುಂದೆ ನಿಲ್ಲಿಸಿ. ಕೆ. ವಿ. ಪುಟ್ಟಪ್ಪ. ದ. ರಾ. ಬೇಂದ್ರೆ. ಎರಡೂ ಹೆಸರು ನೋಡಲು ಒಂದೇ ಅಚ್ಚು: ಎರಡು ಮೊದಲಕ್ಷರ, ಕೊನೆಗೊಂದು ಪದ. ಎರಡನ್ನೂ ಒಡೆಯಬಹುದು, ಎರಡನ್ನೂ ಕೂಡಿಸಿದರೆ ಇದ್ದದ್ದೇ ಬರುತ್ತದೆ. ಮೊದಲ ಪರೀಕ್ಷೆಯಲ್ಲಿ ಇಬ್ಬರೂ ಪಾಸು. ಆದರೆ ಪುಟ್ಟಪ್ಪ ಎಂಬುದು ತಂದೆತಾಯಿ ಮಗನನ್ನು ಕರೆದ ಹೆಸರು, ಅದರ ಮುಂದೆ ನಿಂತಿರುವುದು ಕುಪ್ಪಳಿ ಎಂಬ ಊರು, ವೆಂಕಟಪ್ಪ ಎಂಬ ತಂದೆ. ಬೇಂದ್ರೆ ಎಂಬುದು ಮನೆತನದ ಹೆಸರು, ಅವರ ಸ್ವಂತ ಹೆಸರು ಮೊದಲಿನ ‘ದ’ದಲ್ಲಿ ದತ್ತಾತ್ರೇಯನಾಗಿ ಅಡಗಿದೆ. ಮಲೆನಾಡಿನದೊಂದು ವಾಡಿಕೆ, ಧಾರವಾಡದ್ದೊಂದು ವಾಡಿಕೆ. ತೆರಪಿಗೆ ಇದು ತಿಳಿಯದು. ಬೇರು ಒಬ್ಬ, ಬೇರೆ ಒಬ್ಬ ಎರಡೂ ಕೂಡಿ ಬೇರೊಬ್ಬನೇ ಆಗುತ್ತಾನೆ. ಅರ್ಥ ಬಲ್ಲವರು ಬಂದು ಹೇಳಬೇಕು.

ಒಂದು ಹೆಸರಿನಲ್ಲಿ ಒಂದು ಊರು, ಒಬ್ಬ ತಂದೆ, ಒಬ್ಬ ಮಗ ಇರುತ್ತಾರೆಂದರೆ ಅದು ಸಣ್ಣ ಸ್ಟ್ರಿಂಗ್ ಅಲ್ಲ. ಹಾಸನದ ಕಡೆಯಿಂದಲೋ ಕೋಲಾರದ ಕಡೆಯಿಂದಲೋ ಬಂದ ಹುಡುಗನೊಬ್ಬ ಕೆಲಸಕ್ಕೆ ಸೇರಿದ ಮೊದಲ ದಿನ, ಯಂತ್ರ ಅವನನ್ನು ಒಂದು ಮೊದಲಕ್ಷರದಿಂದ ಸ್ವಾಗತಿಸುವುದನ್ನು ಕಂಡಿದ್ದೇನೆ. ಹೆಸರಿನ ಜಾಗದಲ್ಲಿ ‘ಎಚ್’ ಎಂಬ ಒಂಟಿ ಅಕ್ಷರ. ಹುಡುಗ ಏನೂ ಅನ್ನಲಿಲ್ಲ, ಇಂಥವು ಅವನಿಗೆ ರೂಢಿಯಾಗಿದ್ದವು. ಈ ರೂಢಿ ಆಗಬಾರದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಮನುಷ್ಯರ ಹೆಸರನ್ನು ಒಡೆಯುವ ಸಾಲು ಬರೆಯುವ ಮೊದಲು ನಿನ್ನನ್ನು ಏನೆಂದು ಕರೆಯಲಿ ಎಂದು ಆ ಮನುಷ್ಯನನ್ನೇ ಕೇಳುವ ಒಂದು ಅಂಕಣ ಇಡುವುದು ಕಷ್ಟದ ಕೆಲಸವೇನಲ್ಲ.

ಕನ್ನಡ ಲಿಪಿಯಲ್ಲೇ ಹೆಸರು ಬರೆದಿದ್ದರೆ ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯಬಹುದು. ಕನ್ನಡ ಎಂಬ ಪದವನ್ನೇ ಅಕ್ಷರಕ್ಕೊಂದು ತುಂಡಾಗಿ ಒಡೆಯಲು ಹೇಳಿದರೆ ಮೂರು ಬರಬೇಕಾದಲ್ಲಿ ಐದು ಬರುತ್ತವೆ. ಒಂದು ಕ, ಒಂದು ನ, ಒಂಟಿಯಾಗಿ ನಿಂತ ಒಂದು ಅರ್ಧಾಕ್ಷರದ ಚಿಹ್ನೆ, ಇನ್ನೊಂದು ನ, ಒಂದು ಡ. ಯುನಿಕೋಡಿನಲ್ಲಿ ಒತ್ತಕ್ಷರವನ್ನು ಹಾಗೆಯೇ ಬರೆದಿಡುತ್ತಾರೆ. ನಮ್ಮ ಕಣ್ಣಿಗೆ ಒಂದಾಗಿ ಕಾಣುವ ‘ನ್ನ’ ಅದಕ್ಕೆ ಮೂರು. ಇಲ್ಲೂ ಕೂಡಿಸಿದರೆ ಸರಿಯಾಗಿ ಕನ್ನಡವೇ ಬರುತ್ತದೆ. ಬಿಡಿಯಾಗಿ ನೋಡಿದರೆ ಮಾತ್ರ ಯಾವ ಮಗುವೂ ಓದದ ಅಕ್ಷರಗಳು.

ಯಂತ್ರಗಳ ಹೆಸರಿನದೂ ಇದೇ ಕಥೆ. ಹೋಸ್ಟ್‌ನೇಮಿನಲ್ಲಿ ಅಕ್ಷರ, ಅಂಕಿ, ಅಡ್ಡಗೆರೆ ಇರಬಹುದು, ಅಡಿಗೆರೆ ಇರಬಾರದು ಎಂಬ ನಿಯಮ 1985ರ ಆರ್‌ಎಫ್‌ಸಿ 952 ಎಂಬ ಇಂಟರ್ನೆಟ್ ನಿಯಮಪತ್ರದಿಂದ ಬಂದದ್ದು. ಭಾಗಗಳ ನಡುವೆ ಇಡಲು ಉಳಿಯುವ ಗುರುತು ಅಡ್ಡಗೆರೆಯೊಂದೇ. ಊರು, ಅಡ್ಡಗೆರೆ, ಕೆಲಸ, ಅಡ್ಡಗೆರೆ, ಸಂಖ್ಯೆ ಎಂದು ಚೆಂದವಾಗಿ ಹೆಸರಿಡುತ್ತಾರೆ. ಅಡ್ಡಗೆರೆಯಲ್ಲಿ ಒಡೆದು ಎರಡನೆಯ ತುಂಡನ್ನು ನೋಡಿ, ಇದು ಡೇಟಾಬೇಸ್ ಯಂತ್ರ, ಇದು ವೆಬ್ ಯಂತ್ರ ಎಂದು ಪಪೆಟ್ ತೀರ್ಮಾನಿಸುತ್ತದೆ. ಒಂದು ದಿನ ಕಂಪನಿ ಬೆಳೆದು, ಹೆಸರಿನಲ್ಲೇ ಅಡ್ಡಗೆರೆಯಿರುವ ಊರಿನಲ್ಲಿ ಹೊಸ ಯಂತ್ರಗಳು ಬರುತ್ತವೆ. ಅಲ್ಲಿಂದ ಮುಂದೆ ಎರಡನೆಯ ತುಂಡು ಊರಿನ ಬಾಲವಾಗುತ್ತದೆ, ಡೇಟಾಬೇಸ್ ಮೂರನೆಯ ಮನೆಗೆ ಸರಿಯುತ್ತದೆ. ಯಾರ ಮಾತೂ ತಪ್ಪಿಲ್ಲ. ಕೂಡಿಸಿದವರು ಮಾತು ಕೊಟ್ಟೇ ಇರಲಿಲ್ಲ, ಒಡೆದವರು ಕೊಟ್ಟಿದ್ದಾರೆಂದು ತಿಳಿದಿದ್ದರು.

ಇಂಥದ್ದನ್ನು ಮೊದಲೇ ಕಂಡು ದಾರಿ ಮಾಡಿದವರೂ ಇದ್ದಾರೆ. 10.20.30.40:8080 ಎಂದು ಬರೆದರೆ ಕೋಲನ್ನಿನ ಈಚೆ ವಿಳಾಸ, ಆಚೆ ಪೋರ್ಟ್. ಐಪಿವಿ6 ಬಂದಾಗ ವಿಳಾಸದ ಒಳಗೇ ಕೋಲನ್‌ಗಳು ತುಂಬಿಕೊಂಡವು. ಯಾವ ಕೋಲನ್ ವಿಳಾಸದ್ದು, ಯಾವುದು ಪೋರ್ಟಿನದ್ದು? 1999ರ ಆರ್‌ಎಫ್‌ಸಿ 2732ರಲ್ಲಿ ಇದಕ್ಕೊಂದು ಉಪಾಯ ಬರೆದರು. ವಿಳಾಸವನ್ನು ಚೌಕಾವರಣದಲ್ಲಿಡಿ, [::1]:8080 ಎಂಬಂತೆ. ಕೂಡಿಸುವವರು ಎರಡು ಗುರುತು ಹೆಚ್ಚು ಬರೆಯುವ ಶ್ರಮ ತೆಗೆದುಕೊಂಡರೆ ಲೋಕದ ಎಲ್ಲ ಮೂಲೆಯಲ್ಲೂ ಬಿಡಿಸುವವರ ತೊಡಕು ಕಳೆಯುತ್ತದೆ. ಇದಕ್ಕಿಂತ ದೊಡ್ಡ ಸೌಜನ್ಯವನ್ನು ಎರಡು ಗುರುತುಗಳಲ್ಲಿ ತೋರಿಸಲಾಗದು.

ಮೇಷ್ಟ್ರು ಸಂಧಿ ಪಾಠದ ಕೊನೆಗೆ ಓಲೆಗರಿಗಳ ಮಾತು ತೆಗೆಯುತ್ತಿದ್ದರು. ಹಳೆಯ ಪ್ರತಿಗಳಲ್ಲಿ ಪದಗಳ ನಡುವೆ ತೆರಪು ಬಿಡುವ ವಾಡಿಕೆಯಿರಲಿಲ್ಲ. ಲಿಪಿಕಾರ ಗರಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನೆ ಬರೆದುಕೊಂಡು ಹೋಗುತ್ತಿದ್ದ. ಅವನ ಕಾಲದ ಓದುಗನಿಗೆ ಅದು ತೊಡಕಾಗಿರಲಿಲ್ಲ, ಪದ್ಯ ಕಿವಿಯಲ್ಲಿತ್ತು, ಛಂದಸ್ಸು ನಾಲಿಗೆಯಲ್ಲಿತ್ತು. ನೂರಾರು ವರ್ಷಗಳ ಮೇಲೆ ಅವನ್ನು ಅಚ್ಚಿಗೆ ತಂದ ಸಂಪಾದಕರು ಪ್ರತಿಯೊಂದು ಸಾಲಿನಲ್ಲೂ ಎಲ್ಲಿ ಪದ ಮುಗಿಯಿತು, ಎಲ್ಲಿ ಶುರುವಾಯಿತು ಎಂದು ನಿರ್ಧರಿಸಬೇಕಾಯಿತು. ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ ಎಂಬ ಪುಸ್ತಕವನ್ನೇ ಬರೆದು ಆ ವಿದ್ಯೆಗೆ ಶಾಸ್ತ್ರದ ಸ್ಥಾನ ಕೊಟ್ಟರು. ಇಂದು ನಾವು ಹಳಗನ್ನಡ ಕಾವ್ಯವನ್ನು ಪದ ಬಿಡಿಸಿದ ಪುಟಗಳಲ್ಲಿ ಸಲೀಸಾಗಿ ತೆರೆದು ಕೂರುತ್ತೇವೆಂದರೆ ಅದಕ್ಕಾಗಿ ಅಂಥವರ ಕಣ್ಣು ಸವೆದಿದೆ. “ಅವರು ಬಿಡಿಸಿಟ್ಟಿದ್ದಕ್ಕೆ ನಿಮಗೆ ಓದೋಕಾಗ್ತಿದೆ. ನೀವು ಬರೆಯೋವಾಗ ಮುಂದಿನವರಿಗೆ ಆ ಕೆಲಸ ಉಳಿಸ್ಬೇಡಿ” ಎಂದು ಮೇಷ್ಟ್ರು ಪಾಠ ಮುಗಿಸುತ್ತಿದ್ದರು. ನಾವು ಅದನ್ನು ಅಕ್ಷರ ದುಂಡಗೆ ಬರೆಯಿರಿ ಎಂಬ ಉಪದೇಶವೆಂದೇ ಕೇಳಿಸಿಕೊಂಡಿದ್ದೆವು.

ಆ ಮಾತಿನ ನಿಜವಾದ ಬಳಕೆ ನನಗೆ ಸಿಕ್ಕಿದ್ದು ಪಪೆಟ್‌ನಲ್ಲಿ. 2014ರಲ್ಲಿ ಬಂದ ಎರಡನೆಯ ಫ್ಯಾಕ್ಟರ್ ಸಂಗತಿಗಳನ್ನು ಬಿಡಿಯಾಗಿಯೇ, ಪಟ್ಟಿಯಾಗಿ, ಒಳಮನೆಗಳಿರುವ ಕೋಷ್ಟಕವಾಗಿ ಕೊಡಬಲ್ಲದ್ದಾಯಿತು. ಮುಂದಿನ ಆವೃತ್ತಿಗಳಲ್ಲಿ ಇಂಟರ್‌ಫೇಸಿನ ಹೆಸರಿನ ಚುಕ್ಕಿ ಚುಕ್ಕಿಯಾಗಿ, ಕೋಲನ್ ಕೋಲನ್ನಾಗಿ ಉಳಿಯಿತು. ಹಳೆಯ ಕೂಡುಸಾಲಿನ ಸಂಗತಿಗಳು ಬಹುಕಾಲ ಜೊತೆಗೇ ಇದ್ದು, 2023ರ ಎಂಟನೆಯ ಪಪೆಟ್‌ನಲ್ಲಿ ಕೇಳದ ಹೊರತು ಬರುವುದು ನಿಂತಿತು. ಈ ಯಂತ್ರ ಡೇಟಾಬೇಸಿನದು ಎಂದು ತಿಳಿಯಲು ಅದರ ಹೆಸರನ್ನು ಒಡೆಯಬೇಕಿಲ್ಲ, ಹೈರಾ ಎಂಬ ದತ್ತಾಂಶದ ಕಣಜದಲ್ಲಿ ಅದನ್ನು ಅದರ ಜಾಗದಲ್ಲೇ ಬರೆದಿಡಬಹುದು. ಒಂದು ಸಂಗತಿಗೆ ಒಂದು ಸಾಲು. ಬಿಡಿಸುವುದು ಒಳ್ಳೆಯ ವಿದ್ಯೆ. ಬಿಡಿಸುವ ಅಗತ್ಯವೇ ಬಾರದಂತೆ ಬರೆದುಕೊಡುವುದು ಅದಕ್ಕಿಂತ ಮೇಲಿನದು.

ಶಿರಾ ಕಡೆಯ ಆ ಹುಡುಗಿ ಈಗ ನಮ್ಮಲ್ಲಿ ಹಳಬಳಾಗಿದ್ದಾಳೆ. ಮೊನ್ನೆ ಅವಳು ನೋಡಿಕೊಳ್ಳುವ ಒಂದು ಮ್ಯಾನಿಫೆಸ್ಟ್‌ನಲ್ಲಿ, ಅಂದರೆ ಪಪೆಟ್ ಬರಹದ ಫೈಲಿನಲ್ಲಿ, ಮೂರು ಸ್ಪ್ಲಿಟ್‌ಗಳು ಒಂದರೊಳಗೊಂದು ಕೂತಿದ್ದವು. ಇನ್ನೊಂದು ತಂಡದವರು ಅರ್ಧವಿರಾಮ, ಕೋಲನ್, ಅಲ್ಪವಿರಾಮ ಮೂರನ್ನೂ ಬಳಸಿ ಒಂದು ಉದ್ದ ಸಾಲು ಕಳಿಸುತ್ತಿದ್ದರು. ಕೂಡಿಸಿ ನೋಡಿದಳು, ಅರ್ಥ ಕೇಳಿದಳು, ಎಲ್ಲ ಸರಿಯಾಗಿತ್ತು. ಆದರೂ ಆ ಸಾಲನ್ನು ಮುಟ್ಟದೆ ಆ ತಂಡದವರ ಹತ್ತಿರ ಎದ್ದು ಹೋದಳು. “ಇದನ್ನ ನೀವೇ ಲಿಸ್ಟ್ ಮಾಡಿ ಕಳಿಸೋಕಾಗುತ್ತಾ?” ಎಂದು ಕೇಳಿದಳಂತೆ. ಅವರು, “ಓ, ಧಾರಾಳವಾಗಿ. ನಮ್ಮ ಹತ್ರ ಲಿಸ್ಟೇ ಇರೋದು. ನಿಮಗೆ ಸುಲಭ ಆಗ್ಲಿ ಅಂತ ನಾವೇ ಕೂಡಿಸಿ ಕಳಿಸ್ತಿದ್ವಿ” ಅಂದರಂತೆ. ಅವರ ಕಡೆ ಕೂಡಿಸುವ ಸಾಲು ಅಳಿಯಿತು, ನಮ್ಮ ಕಡೆ ಒಡೆಯುವ ಮೂರು ಸಾಲು ಅಳಿದವು. ಬದಲಾವಣೆಯನ್ನು ಪರಿಶೀಲಿಸಲು ನನಗೆ ಕಳಿಸಿದ್ದಳು. ಸೇರಿಸಿದ್ದಕ್ಕಿಂತ ಅಳಿಸಿದ್ದೇ ಹೆಚ್ಚಿದ್ದ ಆ ಬದಲಾವಣೆಯನ್ನು ನಾನು ಎರಡು ಸಲ ಓದಿ, ಒಪ್ಪಿಗೆ ಕೊಟ್ಟು, ಟಿಪ್ಪಣಿಯ ಜಾಗದಲ್ಲಿ ‘ಎಲ್ಲರೂ ಹೀಗೆಯೇ ಕೇಳೋಣ’ ಎಂದು ಬರೆದೆ.